ಜಿನಸೇನರ ಬಾಯಲ್ಲಿ ಕಾಳಿದಾಸ

ಕಲಬುರಗಿಯಲ್ಲಿ ಎಂ.ಎ. ತರಗತಿಗೆ ರಾಷ್ಟ್ರಕೂಟರ ಕಾಲದ ಸಾಹಿತ್ಯ ಹೇಳುವಾಗ ಪ್ರತಿ ವರ್ಷವೂ ನಾನು ಸ್ವಲ್ಪ ಹೊತ್ತು ಪಾಠದ ದಾರಿ ಬಿಟ್ಟು ಜಿನಸೇನಾಚಾರ್ಯರ 'ಪಾರ್ಶ್ವಾಭ್ಯುದಯ'ದ ಬಗ್ಗೆ ಮಾತಾಡುತ್ತೇನೆ. ಅದು ಸಂಸ್ಕೃತ ಕಾವ್ಯ. ನಮ್ಮ ಪಠ್ಯದಲ್ಲಿಲ್ಲ, ಪರೀಕ್ಷೆಗೂ ಬರುವುದಿಲ್ಲ. ಆದರೂ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಒಬ್ಬ ಜೈನ ಮುನಿ ಕಾಳಿದಾಸನ ಮೇಘದೂತವನ್ನು ಎದುರಿಗಿಟ್ಟುಕೊಂಡು, ಅದರ ಒಂದು ಸಾಲನ್ನೂ ಬಿಡದೆ, ಪ್ರತಿ ಸಾಲಿನ ಸುತ್ತ ತಮ್ಮ ಸಾಲುಗಳನ್ನು ಹೆಣೆದು ತೀರ್ಥಂಕರ ಪಾರ್ಶ್ವನಾಥನ ಕಥೆ ಮಾಡಿದರು ಎಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಕಳೆದ ವರ್ಷ ತಲೆ ಎತ್ತಿದವಳು ಕಮಲಾಪುರದಿಂದ ದಿನವೂ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿ. ಪಾಠ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಕೇಳಿದಳು: "ಸರ, ಇದಕ್ಕ ಏನಂತ ಅನಬೇಕ್ರಿ? ಜಿನಸೇನರು ಕಾಳಿದಾಸಗ ಮರ್ಯಾದಿ ಕೊಟ್ಟಾರೋ, ಇಲ್ಲಾ ತುಡುಗು ಮಾಡ್ಯಾರೋ?"

ತುಡುಗು ಅಂತೂ ಅಲ್ಲ ಎಂದು ತಕ್ಷಣ ಹೇಳಿದೆ. ಕದ್ದವನು ಹೆಸರು ಮುಚ್ಚುತ್ತಾನೆ. ಜಿನಸೇನರು ಕಾವ್ಯದ ಕೊನೆಯಲ್ಲಿ, ಕಾಳಿದಾಸನ ಮೇಘಕಾವ್ಯವನ್ನು ಸುತ್ತಿಕೊಂಡು ಇದನ್ನು ಕಟ್ಟಿದ್ದೇನೆ ಎಂದು ಕವಿಯ ಹೆಸರನ್ನೇ ಹೇಳಿದ್ದಾರೆ. ಅದೇ ಪದ್ಯದಲ್ಲಿ ಈ ಕಾವ್ಯ ಬೇರೆಯವರ ಕಾವ್ಯಗಳನ್ನು ಮಂಕು ಮಾಡುವಂಥದು ಎಂಬ ಹೆಮ್ಮೆಯೂ ಇದೆ, ಅಮೋಘವರ್ಷ ಲೋಕವನ್ನು ಕಾಯಲಿ ಎಂಬ ಹಾರೈಕೆಯೂ ಇದೆ. ಹಾಗಾದರೆ ಮರ್ಯಾದೆಯೇ? ಅದಕ್ಕೆ ಮಾತ್ರ ಅಂದು ಸರಿಯಾದ ಉತ್ತರ ಕೊಡಲಿಲ್ಲ. ಅವಳ ಬಸ್ಸಿನ ಹೊತ್ತಾಗಿತ್ತು, ನನಗೂ ಅದು ಅನುಕೂಲವೇ ಆಯಿತು.

ಕಾವ್ಯದ ಕಟ್ಟಡವನ್ನು ಮೊದಲು ನೋಡೋಣ. ಜಿನಸೇನರ ಕೈಯಲ್ಲಿದ್ದ ಮೇಘದೂತದಲ್ಲಿ 120 ಪದ್ಯಗಳಿದ್ದವು, ಅಂದರೆ 480 ಸಾಲು. ಪಾರ್ಶ್ವಾಭ್ಯುದಯದಲ್ಲಿ 364 ಪದ್ಯಗಳು, ನಾಲ್ಕು ಸರ್ಗ. ಒಂದೊಂದು ಪದ್ಯದಲ್ಲಿ ಕಾಳಿದಾಸನದು ಒಂದು ಸಾಲು, ಕೆಲವು ಕಡೆ ಎರಡು, ಉಳಿದದ್ದು ಜಿನಸೇನರದು. ಛಂದಸ್ಸು ಕಾಳಿದಾಸನದೇ ಆದ ಮಂದಾಕ್ರಾಂತ, ಕೊನೆಯ ಕೆಲವು ಪದ್ಯ ಬಿಟ್ಟರೆ. ಸಮಸ್ಯಾಪೂರಣ ಎಂದು ನಾವು ಅವಧಾನಗಳಲ್ಲಿ ಕೇಳುವ ಆಟವೇ ಇದು. ಆದರೆ ಅಲ್ಲಿ ಒಂದು ಸಾಲು ಕೊಟ್ಟರೆ ಇಲ್ಲಿ ಒಂದು ಇಡೀ ಕಾವ್ಯ ಕೊಟ್ಟಂತೆ.

ಕಷ್ಟ ಇದ್ದದ್ದು ಲೆಕ್ಕದಲ್ಲಲ್ಲ, ಕಥೆಯಲ್ಲಿ. ಮೇಘದೂತ ವಿರಹದ ಕಾವ್ಯ. ಶಾಪಕ್ಕೆ ಸಿಕ್ಕ ಯಕ್ಷ ರಾಮಗಿರಿಯಲ್ಲಿ ಕೂತು, ಅಲಕೆಯಲ್ಲಿರುವ ಹೆಂಡತಿಗೆ ಮೋಡದ ಕೈಯಲ್ಲಿ ಸುದ್ದಿ ಕಳಿಸುತ್ತಾನೆ. ದಾರಿಯುದ್ದಕ್ಕೂ ನದಿಗಳು ಹೆಣ್ಣಾಗುತ್ತವೆ, ಉಜ್ಜಯಿನಿಯಲ್ಲಿ ಮಹಾಕಾಲನ ಸಂಜೆಯ ಪೂಜೆಗೆ ಮೋಡ ಕಾಯಬೇಕಾಗುತ್ತದೆ. ಪಾರ್ಶ್ವನಾಥನದು ಇದಕ್ಕೆ ಪೂರ್ತಿ ಎದುರು ದಿಕ್ಕು: ಎಲ್ಲ ಬಿಟ್ಟು ನಿಂತವನ ಕಥೆ. ಮರುಭೂತಿ, ಕಮಠ ಎಂಬ ಅಣ್ಣತಮ್ಮಂದಿರು; ತಮ್ಮನ ಹೆಂಡತಿಯ ಮೇಲೆ ಕಣ್ಣು ಹಾಕಿ ಊರು ಬಿಡಬೇಕಾದ ಅಣ್ಣ, ಕ್ಷಮೆ ಕೇಳಲು ಬಂದ ತಮ್ಮನನ್ನೇ ಕೊಲ್ಲುತ್ತಾನೆ. ಆ ಹಗೆ ಜನ್ಮಜನ್ಮಕ್ಕೂ ಬೆನ್ನು ಹತ್ತಿ, ಕೊನೆಗೆ ಮರುಭೂತಿ ಪಾರ್ಶ್ವನಾಗಿ ತಪಸ್ಸಿಗೆ ನಿಂತಾಗ ಕಮಠ ಶಂಬರನಾಗಿ ಬಂದು ಕಾಡುತ್ತಾನೆ.

ಜಿನಸೇನರು ಕಂಡುಕೊಂಡ ದಾರಿ ಇದು: ಕಾಳಿದಾಸನ ಸಾಲುಗಳನ್ನು ಹೆಚ್ಚಾಗಿ ಈ ಶಂಬರನ ಬಾಯಿಗೆ ಕೊಟ್ಟರು. ಅವನು ಪಾರ್ಶ್ವನನ್ನು ಯುದ್ಧಕ್ಕೆ ಕೆಣಕುತ್ತಾನೆ, ಮೋಡವಾಗಿ ಅಲಕೆಗೆ ಹೋಗೆನ್ನುತ್ತಾನೆ, ಅಲ್ಲಿಯ ಹೆಣ್ಣಿನ ಆಸೆ ತೋರಿಸುತ್ತಾನೆ. ಮೇಘದೂತದ ಶೃಂಗಾರವೆಲ್ಲ ಪ್ರಲೋಭನೆಯ ಮಾತಾಯಿತು. ಪಾರ್ಶ್ವ ಕದಲುವುದಿಲ್ಲ. ಒಂದು ಅಕ್ಷರ ಬದಲಿಸದೆ ಒಂದು ಕಾವ್ಯದ ಅರ್ಥವನ್ನು ತಿರುಗಿಸಿ ನಿಲ್ಲಿಸುವುದು ಸಣ್ಣ ಸಾಹಸವಲ್ಲ. ಹಾಗೆಂದು ಎಲ್ಲ ಪದ್ಯವೂ ಸರಾಗವಾಗಿ ಕೂತಿದೆ ಎನ್ನಲಾರೆ. ಕೆಲವು ಕಡೆ ಕಾಳಿದಾಸನ ಸಾಲು ಬಂದೊಡನೆ ಉಳಿದ ಮೂರು ಸಾಲು ಪಕ್ಕಕ್ಕೆ ಸರಿದು ದಾರಿ ಬಿಟ್ಟಂತೆ ಕಾಣುತ್ತದೆ.

ಈ ಜಿನಸೇನರು ಕಾವ್ಯದ ಚಟಕ್ಕೆ ಬಿದ್ದ ಹಗುರ ಮನುಷ್ಯರೇನಲ್ಲ. ಗುರು ವೀರಸೇನರು ಅರ್ಧಕ್ಕೆ ಬಿಟ್ಟುಹೋದ 'ಜಯಧವಲಾ' ಎಂಬ ಮಹಾವ್ಯಾಖ್ಯಾನವನ್ನು 837ರಲ್ಲಿ ಮುಗಿಸಿದವರು. ಅವರಿಗೆ ನಮಸ್ಕರಿಸಿ ಅಮೋಘವರ್ಷ ನೃಪತುಂಗ ತಾನು ಪವಿತ್ರನಾದೆನೆಂದು ಭಾವಿಸಿದ ಎಂದು ಶಿಷ್ಯ ಗುಣಭದ್ರರು ಬರೆದಿದ್ದಾರೆ. ತಮ್ಮ 'ಆದಿಪುರಾಣ'ದ ಮೊದಲಲ್ಲೇ ಜಿನಸೇನರು, ಯಾರ ಮಾತು ಧರ್ಮಕಥೆಗೆ ಅಂಗವಾಗುತ್ತದೋ ಅವರೇ ಕವಿಗಳು ಎಂಬರ್ಥದ ಮಾತು ಹೇಳುತ್ತಾರೆ. ಆ ಅಳತೆಯಲ್ಲಿ ಮೇಘದೂತದ ಕವಿ ಎಲ್ಲಿ ನಿಲ್ಲಬೇಕು? ಹಾಗೆ ಹೇಳಿದವರೇ ಅವನ 480 ಸಾಲುಗಳನ್ನು ತಮ್ಮ ಕಾವ್ಯದೊಳಗೆ ಕೂರಿಸಿದ್ದಾರೆ. ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಸುಲಭದ್ದಲ್ಲ ಎಂದು ನನಗೆ ಹೊಳೆದದ್ದು ಈ ಎರಡು ಮಾತನ್ನು ಒಟ್ಟಿಗೆ ಇಟ್ಟಾಗ.

ಅಮೋಘವರ್ಷನ ರಾಜಧಾನಿ ಮಾನ್ಯಖೇಟ ಈಗಿನ ಮಳಖೇಡ. ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರ್. ಕಾಗಿಣಾ ನದಿ, ದಂಡೆಯ ಮೇಲೆ ಕೋಟೆ, ಊರೊಳಗೆ ನೇಮಿನಾಥ ಬಸದಿ, ಉತ್ತರಾದಿ ಮಠ, ಸ್ವಲ್ಪ ಆಚೆ ಸಿಮೆಂಟ್ ಕಾರ್ಖಾನೆ. ಕೋಟೆ ನೋಡಲು ಹೋದವರಿಗೆ ಒಂಬತ್ತನೆಯ ಶತಮಾನ ಕಣ್ಣಿಗೆ ಬೀಳುವುದಿಲ್ಲ. ಅದು ಹೆಚ್ಚಾಗಿ ಪುಸ್ತಕಗಳಲ್ಲೇ ಉಳಿದಿದೆ. ಅಮೋಘವರ್ಷ ಪಟ್ಟಕ್ಕೆ ಬಂದದ್ದು 814ರಲ್ಲಿ. ಅದೇ ವರ್ಷ ಯುರೋಪಿನಲ್ಲಿ ಶಾರ್ಲಮೇನ್ ಚಕ್ರವರ್ತಿ ತೀರಿಕೊಂಡ. ಇದು ಕಾಕತಾಳೀಯ ಎಂದು ಗೊತ್ತಿದ್ದರೂ ನನಗೆ ಈ ತಾರೀಖಿನ ಮೇಲೆ ಪ್ರೀತಿ. ಏಕೆಂದರೆ ಶಾರ್ಲಮೇನನ ಆಸ್ಥಾನದ ಸುತ್ತ ಕೂಡಿದ್ದ ಪಾದ್ರಿಗಳು, ಸನ್ಯಾಸಿಗಳು ಎದುರಿಸುತ್ತಿದ್ದದ್ದೂ ಇದೇ ಪ್ರಶ್ನೆ. ನಮ್ಮ ದೇವರನ್ನು ನಂಬದ ಕವಿಯನ್ನು ಏನು ಮಾಡುವುದು?

ಅವರ ಪಾಲಿಗೆ ಆ ಕವಿ ವರ್ಜಿಲ್, ಒವಿಡ್, ಹೊರೇಸ್. ಜುಪಿಟರನನ್ನೂ ವೀನಸ್ಸನ್ನೂ ಹಾಡಿದವರು. ಆದರೆ ಲ್ಯಾಟಿನ್ ಕಲಿಯಬೇಕಾದರೆ ಅವರನ್ನೇ ಓದಬೇಕು. ಬೈಬಲ್ ಓದಬೇಕಾದರೆ ಲ್ಯಾಟಿನ್ ಕಲಿಯಬೇಕು. ಈ ಇಕ್ಕಟ್ಟು ಶಾರ್ಲಮೇನನಿಗಿಂತ ನಾನೂರು ವರ್ಷ ಹಿಂದಿನಿಂದ ಇತ್ತು. ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮ್ 384ರ ಒಂದು ಪತ್ರದಲ್ಲಿ ತನ್ನ ಕನಸು ಹೇಳಿಕೊಂಡಿದ್ದಾನೆ. ಜ್ವರದಲ್ಲಿ ಮಲಗಿದ್ದಾಗ ಅವನನ್ನು ದೇವರ ನ್ಯಾಯಪೀಠದ ಮುಂದೆ ಎಳೆದೊಯ್ದರಂತೆ. ನೀನು ಯಾರು ಎಂಬುದಕ್ಕೆ ಕ್ರೈಸ್ತ ಎಂದನಂತೆ. ಸುಳ್ಳು, ನೀನು ಸಿಸೆರೋನ ಶಿಷ್ಯ ಎಂದು ತೀರ್ಪಾಗಿ ಛಡಿಯೇಟು ಬಿದ್ದವಂತೆ. ಇನ್ನು ಲೋಕದ ಪುಸ್ತಕ ಮುಟ್ಟುವುದಿಲ್ಲ ಎಂದು ಆಣೆ ಮಾಡಿ ಎಚ್ಚರಾದ. ಮುಂದೆ ಅವನ ಬರಹದಲ್ಲಿ ವರ್ಜಿಲ್, ಹೊರೇಸ್ ಇಣುಕುವುದನ್ನು ಕಂಡ ಹಳೆಯ ಗೆಳೆಯ ರೂಫಿನಸ್ ಆಣೆ ಮುರಿದೆಯಲ್ಲ ಎಂದು ಹಂಗಿಸಿದಾಗ, ಅದು ಕನಸಪ್ಪಾ, ಕನಸಿನ ಆಣೆಗೆ ಯಾರಾದರೂ ಲೆಕ್ಕ ಕೇಳುತ್ತಾರೆಯೇ ಎಂಬ ಧಾಟಿಯಲ್ಲಿ ಉತ್ತರ ಕೊಟ್ಟ. ಸಂತರಲ್ಲಿ ಜೆರೋಮನಷ್ಟು ಮನುಷ್ಯರು ಕಡಿಮೆ.

ಮುಂದಿನ ಸಾವಿರ ವರ್ಷ ಕ್ರೈಸ್ತ ವಿದ್ವಾಂಸರು ಎರಡು ಉಪಮೆಗಳ ಮರೆಯಲ್ಲಿ ನಿಂತು ಅನ್ಯರ ಕವಿಗಳನ್ನು ಓದಿದರು. ಒಂದು ಜೆರೋಮನದು. ಯುದ್ಧದಲ್ಲಿ ಸೆರೆಸಿಕ್ಕ ಹೆಣ್ಣನ್ನು ಮದುವೆಯಾಗುವುದಾದರೆ ಅವಳ ತಲೆ ಬೋಳಿಸಿ, ಉಗುರು ಕತ್ತರಿಸಿ, ಬಟ್ಟೆ ಬದಲಿಸಬೇಕು ಎಂಬ ನಿಯಮ ಹಳೆಯ ಒಡಂಬಡಿಕೆಯಲ್ಲಿದೆ. ಲೋಕದ ವಿದ್ಯೆಯನ್ನೂ ಹಾಗೆಯೇ ಬೋಳಿಸಿ ಮನೆಗೆ ತರಬಹುದು ಎಂದ ಅವನು. ಇವತ್ತು ಓದುವಾಗ ಮೈ ಜುಮ್ಮೆನ್ನುವ ಉಪಮೆ. ಇನ್ನೊಂದು ಅಗಸ್ಟೀನನದು. ಇಸ್ರೇಲಿನ ಜನ ಈಜಿಪ್ಟ್ ಬಿಟ್ಟು ಹೊರಡುವಾಗ ಅಲ್ಲಿಯವರ ಬೆಳ್ಳಿಬಂಗಾರ ಕೇಳಿ ತಂದರು. ಬಂಗಾರ ಅನ್ಯರದಾದರೂ ಬಂಗಾರವೇ, ದೇವರ ಕೆಲಸಕ್ಕೆ ಬಳಸಬಹುದು. ಈ ಅಗಸ್ಟೀನನೇ ಹುಡುಗನಾಗಿದ್ದಾಗ ವರ್ಜಿಲ್‌ನ ಡೈಡೋ ರಾಣಿಯ ಸಾವಿಗೆ ಕಣ್ಣೀರು ಸುರಿಸಿದ್ದನ್ನು ಮುಂದೆ ಪಾಪವೆಂಬಂತೆ ಬರೆದುಕೊಂಡ. ಪಾಪವೆಂದು ಬರೆದ ಭಾಗದಲ್ಲೂ ಆ ಕಣ್ಣೀರು ಪೂರ್ತಿ ಆರಿಲ್ಲ.

ಜಿನಸೇನರ ಕೆಲಸಕ್ಕೆ ತೀರ ಹತ್ತಿರದ್ದು ಮಾತ್ರ ಒಬ್ಬ ಹೆಂಗಸಿನದು. ನಾಲ್ಕನೆಯ ಶತಮಾನದ ರೋಮಿನ ದೊಡ್ಡ ಮನೆತನದ ಪ್ರೋಬಾ 694 ಸಾಲುಗಳ ಒಂದು ಕಾವ್ಯ ಕಟ್ಟಿದಳು. ಅದರಲ್ಲಿ ಲೋಕದ ಸೃಷ್ಟಿ ಇದೆ, ಆದಾಮ ಹವ್ವರಿದ್ದಾರೆ, ಯೇಸುವಿನ ಜೀವನ ಇದೆ. ಪೀಠಿಕೆಯ ಭಾಗ ದಾಟಿದರೆ ಆ ಸಾಲುಗಳೆಲ್ಲ ವರ್ಜಿಲ್‌ನವು. ಅಲ್ಲಿಂದ ಅರ್ಧ, ಇಲ್ಲಿಂದ ಅರ್ಧ ತಂದು ಕೌದಿ ಹೊಲಿದಂತೆ ಹೊಲಿದಿದ್ದಾಳೆ. ಲ್ಯಾಟಿನ್ನಿನಲ್ಲಿ ಇಂಥ ಕಾವ್ಯಕ್ಕೆ 'ಚೆಂತೋ' ಎನ್ನುತ್ತಾರೆ. ಆ ಮಾತಿಗೆ ಚಿಂದಿಯಿಂದ ಹೊಲಿದ ಹೊದಿಕೆ ಎಂದೇ ಅರ್ಥ. ಜೆರೋಮ್ ಇಂಥವನ್ನು ಹುಡುಗಾಟವೆಂದು ಜರೆದ. ಆದರೂ ಮಧ್ಯಯುಗದ ಶಾಲೆಗಳಲ್ಲಿ ಪ್ರೋಬಾಳನ್ನು ಓದಿಸಿದರು, ನಕಲು ಮಾಡಿದರು. ಒಂದು ವ್ಯತ್ಯಾಸ ಗಮನಿಸಬೇಕು. ಪ್ರೋಬಾ ತನಗೆ ಬೇಕಾದ ಸಾಲು ಆರಿಸಿಕೊಂಡಳು, ಬೇಡದ್ದನ್ನು ಬಿಟ್ಟಳು. ಜಿನಸೇನರಿಗೆ ಬಿಡುವ ಸ್ವಾತಂತ್ರ್ಯವಿರಲಿಲ್ಲ. ಮಹಾಕಾಲನ ಪೂಜೆಯ ಸಾಲುಗಳೂ ಜೈನ ಕಾವ್ಯದೊಳಗೆ ಬಂದು ಕೂರಲೇಬೇಕು.

ಮತ್ತೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಮಧ್ಯಯುಗದ ಸನ್ಯಾಸಿ ವರ್ಜಿಲ್ ಓದುವ ಹೊತ್ತಿಗೆ ಜುಪಿಟರನಿಗೆ ದೀಪ ಹಚ್ಚುವವರು ಯಾರೂ ಉಳಿದಿರಲಿಲ್ಲ. ಸತ್ತ ದೇವರುಗಳು ಕಾವ್ಯದಲ್ಲಿದ್ದರೆ ಅಪಾಯ ಕಡಿಮೆ. ಅವರನ್ನು ರೂಪಕ ಮಾಡಬಹುದು, ನೀತಿ ಮಾಡಬಹುದು. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಫ್ರೆಂಚಿನಲ್ಲಿ ಒವಿಡ್‌ನ ಕಥೆಗಳಿಗೆಲ್ಲ ಕ್ರೈಸ್ತ ಅರ್ಥ ಹಚ್ಚಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಸಾಲು ಬರೆದ ಅನಾಮಿಕನೊಬ್ಬ ಇದ್ದಾನೆ. (ಅಷ್ಟು ಸಾಲು ಓದುವವನ ಪುಣ್ಯ ಬರೆದವನದಕ್ಕಿಂತ ದೊಡ್ಡದಿರಬೇಕು.) ರಾಷ್ಟ್ರಕೂಟರಲ್ಲಿ ಹಾಗಲ್ಲ. ಇದೇ ವಂಶದ ಒಂದನೆಯ ಕೃಷ್ಣ ಎಲ್ಲೋರದಲ್ಲಿ ಕೈಲಾಸನಾಥನಿಗೆ ಬೆಟ್ಟವನ್ನೇ ಕಡಿದು ಗುಡಿ ಮಾಡಿಸಿದ್ದ. ಜಿನಸೇನರಿಗೆ ನಮಸ್ಕರಿಸಿದ ಅಮೋಘವರ್ಷನೇ ಪ್ರಜೆಗಳ ಮೇಲೆ ಬಂದ ವಿಪತ್ತು ಕಳೆಯಲೆಂದು ತನ್ನ ಎಡಗೈ ಬೆರಳನ್ನು ಮಹಾಲಕ್ಷ್ಮಿಗೆ ಕತ್ತರಿಸಿ ಕೊಟ್ಟ ಎಂದು 871ರ ಸಂಜಾನ್ ತಾಮ್ರಪಟ ಹೊಗಳುತ್ತದೆ. ಜೈನರ ಶಾಸ್ತ್ರದಲ್ಲಿ 'ಮಿಥ್ಯಾದೃಷ್ಟಿ' ಎಂಬ ಮಾತಿದೆ, ಕನ್ನಡ ಬೈಬಲ್ಲಿನಲ್ಲಿ 'ಅನ್ಯಜನರು' ಎಂಬ ಮಾತಿದೆ. ಆದರೆ ಮಾನ್ಯಖೇಟದಲ್ಲಿ ಆ ಅನ್ಯಜನರು ಅದೇ ಸಭೆಯಲ್ಲಿ, ಪಕ್ಕದ ಪೀಠದಲ್ಲೇ ಕೂತಿದ್ದರು. ಜಿನಸೇನರು ಮುಟ್ಟಿದ್ದು ಜೀವಂತ ದೇವರುಗಳ ಕವಿಯನ್ನು. ಹಾಗಾಗಿ ಅವರ ಕಾವ್ಯ ಬರಿ ಪಾಂಡಿತ್ಯದ ಆಟವಲ್ಲ, ಒಂದು ಸವಾಲು. ನಿಮ್ಮ ಅತ್ಯಂತ ಇಂಪಾದ ಕಾವ್ಯ ತರ್ರಿ, ಅದರ ಒಂದು ಮಾತೂ ಕೆಡಿಸದೆ ವೈರಾಗ್ಯ ಹೇಳಿ ತೋರಿಸುತ್ತೇನೆ ಎಂಬ ಸವಾಲು.

ಆ ಹುಡುಗಿಯ ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ಗೊತ್ತಾದದ್ದು ತಿಂಗಳ ನಂತರ. ಕಮಲಾಪುರದ ಕೆಂಪು ಬಾಳೆಹಣ್ಣು ತಂದು ನಮ್ಮ ವಿಭಾಗದವರಿಗೆಲ್ಲ ಹಂಚುತ್ತಾ ಹೇಳಿದಳು. ಅವರದು ಮೂರು ತಲೆಮಾರಿನ ಹಿಂದೆ ಕ್ರೈಸ್ತರಾದ ಮನೆ. ಅವಳ ಆಯಿ, ಅಂದರೆ ಅಜ್ಜಿ, ಯೇಸುವಿನ ಮೇಲೆ ಹಾಡು ಹೇಳುತ್ತಾಳೆ. ಮಟ್ಟು ಮಾತ್ರ ತತ್ವಪದದ್ದು. ಕಡಕೋಳ ಮಡಿವಾಳಪ್ಪನವರ ನಾಡಿನಲ್ಲಿ ಇದೇನು ಆಶ್ಚರ್ಯದ ಮಾತಲ್ಲ. ಭಜನೆ, ಮೊಹರಂ ಪದ, ಯೇಸುವಿನ ಪದ ಒಂದರ ಧಾಟಿ ಇನ್ನೊಂದಕ್ಕೆ ಹಾಯುತ್ತಲೇ ಇರುತ್ತದೆ. ಆದರೆ ಸಭೆಯ ಹಿರಿಯರೊಬ್ಬರು ಅದು 'ಲೋಕದ ಹಾಡಿನ' ಮಟ್ಟು, ಪ್ರಾರ್ಥನೆಯಲ್ಲಿ ಬೇಡ ಎಂದರಂತೆ. ಆಯಿ ಹಾಡುವುದನ್ನೇ ಬಿಟ್ಟಿದ್ದಾಳೆ. "ಜಿನಸೇನರು ಮಾಡಿದ್ರ ಕಾವ್ಯ, ನಮ್ಮ ಆಯಿ ಮಾಡಿದ್ರ ತಪ್ಪೇನ್ರಿ?"

ಲೋಕದ ಹಾಡು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ಮಾತು ಕಿವಿಗೆ ಬಿದ್ದಾಗ ಪಂಪ ನೆನಪಾಗದೆ ಇರುವುದಿಲ್ಲ. ಆದಿಪುರಾಣದಲ್ಲಿ ಜಿನಾಗಮ, ವಿಕ್ರಮಾರ್ಜುನವಿಜಯದಲ್ಲಿ ಲೌಕಿಕ ಎಂದು ಅವನೇ ಎರಡು ಮನೆ ಮಾಡಿಕೊಂಡವನು. ಆ ಆದಿಪುರಾಣಕ್ಕೆ ಆಧಾರ ನಮ್ಮ ಜಿನಸೇನರ ಸಂಸ್ಕೃತ ಪುರಾಣವೇ. 941ರ ಭಾರತಕ್ಕೆ ಆಧಾರ ವ್ಯಾಸ. ಜೆರೋಮನಂತೆ ತಲೆ ಬೋಳಿಸಲಿಲ್ಲ, ಜಿನಸೇನರಂತೆ ಸುತ್ತಿಕೊಳ್ಳಲೂ ಇಲ್ಲ. ವ್ಯಾಸನಿಗೆ ಬೇರೆ ಮನೆ ಕೊಟ್ಟು ಅಲ್ಲಿ ತಾನೂ ಸುಖವಾಗಿದ್ದ. ಆದರೆ ಜೈನ ಕವಿಗಳೆಲ್ಲ ಹೀಗೇ ಇದ್ದರೆಂದು ತಿಳಿಯಬಾರದು. ಪಂಪನ ನಂತರ ಎರಡೇ ದಶಕದಲ್ಲಿ ಅದೇ ಮಾನ್ಯಖೇಟದಲ್ಲಿ ಮಂತ್ರಿ ಭರತನ ಆಶ್ರಯದಲ್ಲಿ ಕೂತು ಅಪಭ್ರಂಶದಲ್ಲಿ ಮಹಾಪುರಾಣ ಬರೆದ ಪುಷ್ಪದಂತ, ವಾಲ್ಮೀಕಿ ವ್ಯಾಸರು ಜನರನ್ನು ದಾರಿ ತಪ್ಪಿಸಿದರು ಎಂದು ನೇರವಾಗಿಯೇ ಹೇಳುತ್ತಾನೆ. ಒಂದೇ ಊರು, ಒಂದೇ ಮತ. ಕವಿಗಳು ಮಾತ್ರ ಬೇರೆ ಬೇರೆ.

ವರ್ಜಿಲ್‌ನನ್ನು ಇಟ್ಟುಕೊಳ್ಳಲು ಕ್ರೈಸ್ತರು ಕಂಡುಕೊಂಡ ಇನ್ನೊಂದು ಉಪಾಯ ಅವನನ್ನು ಪ್ರವಾದಿ ಮಾಡುವುದು. ಅವನ ನಾಲ್ಕನೆಯ ಗೋಪಗೀತೆಯಲ್ಲಿ ಒಂದು ಮಗು ಹುಟ್ಟಿ ಸುವರ್ಣಯುಗ ಬರುವ ಮಾತಿದೆ. ಯೇಸು ಹುಟ್ಟುವ ಸುಮಾರು 40 ವರ್ಷ ಮೊದಲು ಬರೆದದ್ದು. ಆ ಮಗು ಯೇಸುವೇ, ಕವಿಗೆ ತಿಳಿಯದೆ ದೇವರು ಅವನ ಬಾಯಿಂದ ಆಡಿಸಿದ ಎಂದರು. ಡಾಂಟೆ ಇದನ್ನು ಹಿಡಿದು ಮಾಡಿದ ಕೆಲಸ ಮನಸ್ಸು ಕಲಕುವಂಥದು. ಅವನ ಕಾವ್ಯದಲ್ಲಿ ಸ್ಟೇಷಿಯಸ್ ಎಂಬ ರೋಮನ್ ಕವಿ, ನಾನು ಕವಿಯಾದದ್ದೂ ಕ್ರೈಸ್ತನಾದದ್ದೂ ನಿನ್ನಿಂದಲೇ ಎಂದು ವರ್ಜಿಲ್‌ಗೆ ಹೇಳುತ್ತಾನೆ. ಸ್ಟೇಷಿಯಸ್ ಸ್ವರ್ಗದ ದಾರಿಯಲ್ಲಿದ್ದಾನೆ. ದಾರಿ ತೋರಿಸಿದ ವರ್ಜಿಲ್ ಮಾತ್ರ ನರಕದ ಹೊಸ್ತಿಲಿಗೆ ವಾಪಸ್ಸು ಹೋಗಬೇಕು. ಡಾಂಟೆ ತನ್ನ ಗುರುವನ್ನು ಅಷ್ಟು ಪ್ರೀತಿಸಿದ, ಆದರೆ ನಿಯಮ ಮುರಿಯಲಿಲ್ಲ. ಒಂದು ಹಂತದಲ್ಲಿ ತಿರುಗಿ ನೋಡಿದರೆ ವರ್ಜಿಲ್ ಇಲ್ಲ, ಹೇಳದೆ ಹೋಗಿದ್ದಾನೆ.

ನಮ್ಮಲ್ಲಿ ಇಂಥ ಗಂಭೀರ ದೃಶ್ಯದ ಬದಲು ಒಂದು ತಮಾಷೆಯ ಕಥೆ ಹುಟ್ಟಿತು. ಪಾರ್ಶ್ವಾಭ್ಯುದಯಕ್ಕೆ ಎಷ್ಟೋ ಶತಮಾನಗಳ ನಂತರ ಟೀಕೆ ಬರೆದ ಯೋಗಿರಾಟ್ ಪಂಡಿತಾಚಾರ್ಯ ಅದನ್ನು ಹೇಳುತ್ತಾನೆ. ಕಾಳಿದಾಸ ಮೇಘದೂತ ಹಿಡಿದು ಗರ್ವದಿಂದ ಅಮೋಘವರ್ಷನ ಸಭೆಗೆ ಬಂದನಂತೆ. ಜಿನಸೇನರು ಒಮ್ಮೆ ಕೇಳಿಯೇ ಬಾಯಿಪಾಠ ಮಾಡಿಕೊಂಡು, ಇದು ಹಳೆಯ ಕಾವ್ಯದಿಂದ ಕದ್ದದ್ದು ಎಂದರಂತೆ. ಆ ಹಳೆಯ ಕಾವ್ಯ ತೋರಿಸಿ ಎಂದಾಗ ಕೆಲವೇ ದಿನಗಳಲ್ಲಿ ಪಾರ್ಶ್ವಾಭ್ಯುದಯ ಬರೆದು ತಂದು ಓದಿ, ಕವಿಯ ಗರ್ವ ಇಳಿದ ಮೇಲೆ ನಿಜ ಹೇಳಿ ಅವನನ್ನು ಗೌರವಿಸಿದರಂತೆ. ಕಾಳಿದಾಸ ಅಮೋಘವರ್ಷನಿಗಿಂತ ನಾಲ್ಕು ಶತಮಾನದಷ್ಟು ಹಿಂದಿನವನು ಎಂಬುದು ಕಥೆಗೆ ಅಡ್ಡಿಯಾಗಿಲ್ಲ. ಕ್ರೈಸ್ತ ಪಂಡಿತರಲ್ಲೂ ಪ್ಲೇಟೋ ತನ್ನ ಒಳ್ಳೆಯ ಮಾತುಗಳನ್ನೆಲ್ಲ ಮೋಶೆಯ ಗ್ರಂಥಗಳಿಂದ ತೆಗೆದುಕೊಂಡ ಎಂಬ ವಾದ ಬಹಳ ಕಾಲ ನಡೆದಿತ್ತು. ಅನ್ಯರದು ಚೆನ್ನಾಗಿದ್ದರೆ ಅದು ಮೊದಲು ನಮ್ಮದೇ ಆಗಿರಬೇಕು ಎಂಬ ಹಂಬಲ ಎಲ್ಲ ಕಡೆಯೂ ಒಂದೇ.

ಇಷ್ಟಾಗಿ ಏನು ಉಳಿಯಿತು? ಇಲ್ಲಿ ನನಗೆ ಕಾಣುವ ಸಂಗತಿ ವಿಚಿತ್ರವಾಗಿದೆ. 1894ರಲ್ಲಿ ಕಾಶೀನಾಥ ಬಾಪೂ ಪಾಠಕರು ಪಾರ್ಶ್ವಾಭ್ಯುದಯದೊಳಗಿನ ಮೇಘದೂತವನ್ನು ಬಿಡಿಸಿ ತೆಗೆದು ಪುಣೆಯಲ್ಲಿ ಅಚ್ಚು ಹಾಕಿಸಿದರು. ನಾಲ್ಕು ವರ್ಷದ ನಂತರ ಕವಿರಾಜಮಾರ್ಗವನ್ನು ಬೆಳಕಿಗೆ ತಂದವರೂ ಇವರೇ. ಮೇಘದೂತಕ್ಕೆ ನಮಗೆ ಸಿಗುವ ಹಳೆಯ ಟೀಕೆಗಳಲ್ಲಿ ಒಂದು ಕಾಶ್ಮೀರದ ವಲ್ಲಭದೇವನದು, ಹತ್ತನೆಯ ಶತಮಾನದ್ದು. ಅದರಲ್ಲಿ 111 ಪದ್ಯ. ಜಿನಸೇನರ ಸಾಕ್ಷಿ ಅದಕ್ಕಿಂತ ಹಳೆಯದು. ಯಾವ ಪದ್ಯ ಕಾಳಿದಾಸನದು, ಯಾವುದು ಸೇರಿಸಿದ್ದು ಎಂದು ವಿದ್ವಾಂಸರು ಜಗಳಾಡುವಾಗ ಒಬ್ಬ ಜೈನ ಮುನಿಯನ್ನು ಸಾಕ್ಷಿಗೆ ಕರೆಯಬೇಕಾಗುತ್ತದೆ. ಕಾಳಿದಾಸನ ಹೆಸರು ತಾರೀಖಿನೊಂದಿಗೆ ಸಿಗುವ ಅತಿ ಹಳೆಯ ಶಾಸನವೂ ಐಹೊಳೆಯ ಮೇಗುತಿ ಜಿನಾಲಯದ ಗೋಡೆಯ ಮೇಲಿದೆ: 634ರಲ್ಲಿ ರವಿಕೀರ್ತಿ ಕಾಳಿದಾಸ ಭಾರವಿಯರ ಕೀರ್ತಿಯನ್ನು ತನಗೂ ಹೇಳಿಕೊಂಡದ್ದು. ಯುರೋಪಿನಲ್ಲೂ ಹೀಗೆಯೇ. ದೇವರುಗಳು ಮನುಷ್ಯನ ಗೋಜಿಗೆ ಬರುವುದಿಲ್ಲ, ಸತ್ತ ಮೇಲೆ ಏನೂ ಇಲ್ಲ ಎಂದ ಲುಕ್ರೀಷಿಯಸ್‌ನ ಕಾವ್ಯ ಇಂದು ನಮ್ಮ ಕೈಯಲ್ಲಿರುವುದು ಮುಖ್ಯವಾಗಿ ಒಂಬತ್ತನೆಯ ಶತಮಾನದ ಎರಡು ಪ್ರತಿಗಳಿಂದ. ಎರಡೂ ಈಗ ಲೈಡನ್ನಿನಲ್ಲಿವೆ. ಒಂದನ್ನು ಕೂತು ತಿದ್ದಿದವನು ಡುಂಗಾಲ್ ಎಂಬ ಐರಿಷ್ ಸನ್ಯಾಸಿ.

ಆದರೆ ಉಳಿದದ್ದು ಯಾರ ಕಾವ್ಯ ಎಂದು ಕೇಳಿದರೆ ಲೆಕ್ಕ ಬೇರೆಯಾಗುತ್ತದೆ. ಶಾರ್ಲಮೇನನ ಆಸ್ಥಾನದ ಗುರು ಆಲ್ಕ್ವಿನ್‌ನನ್ನು ಗೆಳೆಯರು ಕರೆಯುತ್ತಿದ್ದದ್ದು ಫ್ಲ್ಯಾಕಸ್ ಎಂದು. ಅದು ಹೊರೇಸ್ ಕವಿಯ ಹೆಸರು. ಇನ್ನೊಬ್ಬ ಆಸ್ಥಾನಿಕನಿಗೆ ಹೋಮರ್ ಎಂದು ಹೆಸರಿಟ್ಟಿದ್ದರು. ಅನ್ಯದೇವತೆಗಳ ಕವಿಗಳ ಹೆಸರು ಅಡ್ಡಹೆಸರಾಗುವಷ್ಟು ಹತ್ತಿರ. ಅದೇ ಆಲ್ಕ್ವಿನ್ 797ರಲ್ಲಿ ಒಬ್ಬ ಬಿಷಪ್ಪನಿಗೆ ಕಾಗದ ಬರೆದು ಗದರಿಸುತ್ತಾನೆ. ಪಾದ್ರಿಗಳ ಊಟದ ಹೊತ್ತಿಗೆ ಹಾರ್ಪ್ ನುಡಿಸುತ್ತ ಹಳೆಯ ವೀರರ ಹಾಡು ಹೇಳಿಸುತ್ತಿದ್ದಾರಂತೆ. ಇಂಗೆಲ್ಡ್ ಎಂಬ ಆ ವೀರನಿಗೂ ಕ್ರಿಸ್ತನಿಗೂ ಏನು ಸಂಬಂಧ ಎಂಬುದು ಅವನ ಸಿಟ್ಟು. ರೋಮಿನ ಹೊರೇಸ್ ಆಗಬಹುದು, ತನ್ನ ಸ್ವಂತ ಜನ ತಾಯಿನುಡಿಯಲ್ಲಿ ಹಾಡುವ ಇಂಗೆಲ್ಡ್ ಆಗದು. ಹೊರೇಸ್ ಪೂರ್ತಿಯಾಗಿ ಉಳಿದ. ಇಂಗೆಲ್ಡನ ಮೇಲಿನ ಹಾಡು ಒಂದೂ ಉಳಿದಿಲ್ಲ. ಬೇರೆ ಕಾವ್ಯಗಳಲ್ಲಿ ಅವನ ಸುಳಿವು ಮಾತ್ರ ಇದೆ.

ನಮ್ಮ ಕಡೆಯ ಲೆಕ್ಕವನ್ನೂ ಮುಚ್ಚಿಡಬಾರದು. ಕವಿರಾಜಮಾರ್ಗ ಸಂಸ್ಕೃತದ ಭಾರವಿ, ಕಾಳಿದಾಸ, ಮಾಘರನ್ನು ಹೆಸರಿಸುತ್ತದೆ. ಅವರೆಲ್ಲ ನಮಗೆ ಸಿಗುತ್ತಾರೆ. ಅದೇ ಗ್ರಂಥ ಹೆಸರಿಸುವ ವಿಮಲ, ಉದಯ, ನಾಗಾರ್ಜುನ, ಜಯಬಂಧು, ಕವೀಶ್ವರ, ಲೋಕಪಾಲ ಮುಂತಾದ ಕನ್ನಡ ಕವಿಗಳ ಒಂದು ಕೃತಿಯೂ ಸಿಕ್ಕಿಲ್ಲ. ಅದು ಹೇಳುವ ಚತ್ತಾಣ, ಬೆದಂಡೆಗಳ ಆ ಕಾಲದ ಒಂದು ಉದಾಹರಣೆಯೂ ಇಲ್ಲ. ಅಸಗನೆಂಬ ಜೈನ ಕವಿ ಕಾಳಿದಾಸನ ಶಿವಪಾರ್ವತಿಯರ ಮದುವೆಯ ಕಥೆಯನ್ನು ಕನ್ನಡದಲ್ಲಿ ಕುಮಾರಸಂಭವ ಮಾಡಿದ್ದನೆಂದು ಹೆಸರು ಮಾತ್ರ ಕೇಳುತ್ತೇವೆ. ಸಂಸ್ಕೃತದಲ್ಲಿ ಅವನು ಬರೆದ ವರ್ಧಮಾನ ಚರಿತ ಉಳಿದಿದೆ. ಪೊನ್ನನ ಶಾಂತಿಪುರಾಣ ಉಳಿಯಿತು, ಅವನ ಲೌಕಿಕ ಕಾವ್ಯ ಭುವನೈಕರಾಮಾಭ್ಯುದಯ ಹೋಯಿತು. ಪಂಪ, ರನ್ನರ ಲೌಕಿಕ ಕಾವ್ಯಗಳು ಉಳಿದದ್ದು ನಮ್ಮ ಪುಣ್ಯ. ಯಾರೊಡನೆ ಪೈಪೋಟಿಗೆ ನಿಲ್ಲಬೇಕು ಅನ್ನಿಸುತ್ತದೋ ಅವನನ್ನು ಎದುರಾಳಿ ಅಕ್ಷರ ಬಿಡದೆ ಕಲಿಯುತ್ತಾನೆ, ಕಾಪಾಡುತ್ತಾನೆ. ಪೈಪೋಟಿಗೂ ಯೋಗ್ಯವಲ್ಲ ಎಂದು ಪಕ್ಕಕ್ಕೆ ಸರಿಸಿದ ಹಾಡು ಯಾರ ಬಾಯಲ್ಲೂ ಉಳಿಯದೆ ಹೋಗುತ್ತದೆ. ಜಿನಸೇನರು ಕಾಳಿದಾಸನಿಗೆ ಕೊಟ್ಟದ್ದು ಮರ್ಯಾದೆಯೇ ಎಂದರೆ, ಸೋಲಿಸಲು ಯೋಗ್ಯನೆಂಬ ಮರ್ಯಾದೆ ಎನ್ನಬೇಕು. ಆ ಹುಡುಗಿಗೆ ಕೊನೆಗೆ ನಾನು ಹೇಳಿದ ಉತ್ತರ ಇದೇ.

ಅವಳಿಗೆ ಅದು ಅಷ್ಟು ಸಮಾಧಾನ ಕೊಡಲಿಲ್ಲ. ಕವಿರಾಜಮಾರ್ಗವೇ ಇನ್ನೂ ಒಳ್ಳೇದು ಹೇಳ್ಯದಲ್ರಿ ಸರ, ಎಂದಳು. ಅವಳ ಮನಸ್ಸಿನಲ್ಲಿದ್ದದ್ದು ಎಲ್ಲರಿಗೂ ಗೊತ್ತಿರುವ ಆ 'ಕಸವರ'ದ ಮಾತು: ಇನ್ನೊಬ್ಬರ ವಿಚಾರವನ್ನೂ ಇನ್ನೊಬ್ಬರ ಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಬಂಗಾರ ಎಂಬುದು. ನಾನು ಇಷ್ಟು ವರ್ಷ ಪಾಠ ಮಾಡಿದ್ದರೂ ಅದನ್ನು ಅಗಸ್ಟೀನನ ಉಪಮೆಯ ಪಕ್ಕಕ್ಕೆ ಇಟ್ಟು ನೋಡಿರಲಿಲ್ಲ. ಅವನಿಗೆ ಅನ್ಯರ ಬಳಿ ಇರುವುದು ಬಂಗಾರ, ತೆಗೆದುಕೊಂಡು ಬಳಸಬೇಕು. ಅಮೋಘವರ್ಷನ ಸಭೆಯ ಈ ಲಕ್ಷಣಕಾರನಿಗೆ ಅನ್ಯರ ಜೊತೆ ಇರಬಲ್ಲ ತಾಳ್ಮೆಯೇ ಬಂಗಾರ. ತೆಗೆದುಕೊಳ್ಳುವ ಮಾತೇ ಇಲ್ಲ. ಜಿನಸೇನರೂ ಅವನೂ ಒಂದೇ ಕಾಲದವರು, ಒಬ್ಬನೇ ಅರಸನ ಹೆಸರು ಹೊತ್ತು ಬರೆದವರು. ಮಾತಾಡಿಕೊಂಡಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ.

ಆ ನಗರ ಹೆಚ್ಚು ಕಾಲ ಬಾಳಲಿಲ್ಲ. 972ರಲ್ಲಿ ಮಾಳವದ ಪರಮಾರ ಸೀಯಕ ಬಂದು ಮಾನ್ಯಖೇಟವನ್ನು ಸೂರೆ ಮಾಡಿದ. ವ್ಯಾಸ ವಾಲ್ಮೀಕಿಯರ ಮೇಲೆ ಅಷ್ಟು ಖಾರವಾಗಿದ್ದ ಪುಷ್ಪದಂತ, ಇನ್ನು ತಾನು ಎಲ್ಲಿ ಇರಬೇಕು ಎಂದು ದುಃಖಪಟ್ಟದ್ದು ಅವನ ಕಾವ್ಯದೊಂದಿಗೆ ಸೇರಿ ಉಳಿದಿದೆ.

ಹುಡುಗಿ ಈಗ ತನ್ನ ಕಿರುಪ್ರಬಂಧಕ್ಕೆ ಆಯಿಯ ಹಾಡುಗಳನ್ನೇ ತೆಗೆದುಕೊಂಡಿದ್ದಾಳೆ. ಮನೆಯಲ್ಲಿ, ಒಲೆಯ ಮುಂದೆ, ಸಭೆಯವರು ಯಾರೂ ಇಲ್ಲದಾಗ ಆಯಿ ಹೇಳಿಕೊಟ್ಟಿದ್ದಾಳೆ. ಮೊಬೈಲಿನಲ್ಲಿ ಹನ್ನೊಂದು ಹಾಡು ರೆಕಾರ್ಡ್ ಆಗಿವೆ. ನೋಟ್‌ಬುಕ್ಕಿನ ಬಲಪುಟದಲ್ಲಿ ಯೇಸುವಿನ ಪದ, ಎಡಪುಟದಲ್ಲಿ ಅದರ ಹಿಂದಿನ ತತ್ವಪದ, ಆಯಿಗೆ ನೆನಪಿದ್ದಷ್ಟು. ಅಲ್ಲೊಂದು ತೊಡಕು ಬಂದಿದೆ. ಯೇಸುವಿನ ಹೆಸರು ಬಂದು ಕೂತಿರುವುದು ಕೊನೆಯ ನುಡಿಯಲ್ಲಿ, ಅಂದರೆ ಹಳೆಯ ಪದದಲ್ಲಿ ಅಂಕಿತ ಇರಬೇಕಾದ ಜಾಗದಲ್ಲೇ. ಮೂರು ಹಾಡುಗಳಲ್ಲಿ ಆ ಹಳೆಯ ಅಂಕಿತ ಆಯಿಗೆ ನೆನಪಾಗುತ್ತಿಲ್ಲ. ಯಾರ ಪದ ಎಂದು ಗೊತ್ತಾಗದೆ ಎಡಪುಟದ ಕೊನೆಯ ಸಾಲು ಖಾಲಿ ಬಿಟ್ಟು, ಅಚ್ಚಾದ ತತ್ವಪದ ಸಂಪುಟಗಳನ್ನು ಒಂದೊಂದಾಗಿ ತಿರುವಿ ಹಾಕುತ್ತಿದ್ದಾಳೆ. ಒಂದು ಸಿಕ್ಕಿದೆಯಂತೆ. ಇನ್ನೆರಡು ಉಳಿದಿವೆ.